ಗೊಂಬೆಯ ತೂಕ

ಗೆಳೆಯರೇ, ಇವತ್ತು ನಾನು ಒಂದು ರಬ್ಬರ್ ಗೊಂಬೆಯ ಜ್ವರ ಇಳಿಸಿದೆ.

ನಾಗಮಂಗಲದಲ್ಲಿ ನಮ್ಮ ಆಂಬುಲೆನ್ಸ್ ತರಬೇತಿ. ಮೇಷ್ಟ್ರು ಮೇಜಿನ ಮೇಲೆ ಗೊಂಬೆ ಮಲಗಿಸಿ, "ಎರಡು ವರ್ಷದ ಮಗು, ಜ್ವರ. ಕೆಜಿಗೆ ಹದಿನೈದು ಮಿಲಿಗ್ರಾಂ ಔಷಧಿ. ಒಟ್ಟು ಎಷ್ಟು ಕೊಡ್ತೀರಾ?" ಎಂದರು. ತೂಕ ಹೇಳಲಿಲ್ಲ. ಎಲ್ಲರೂ ವಯಸ್ಸಿನ ಸೂತ್ರ ಹಿಡಿದು ಹನ್ನೆರಡು ಕೆಜಿ ಎಂದು ಬರೆದುಕೊಂಡರು. ನಾನು ಮಾತ್ರ ಎದ್ದು ಹೋಗಿ ಗೊಂಬೆಯನ್ನು ತೋಳಲ್ಲಿ ಎತ್ತಿ ನೋಡಿದೆ.

ಬಿಂಡಿಗನವಿಲೆಯ ನಮ್ಮ ತಾತ ಕುರಿಗಳಿಗೆ ಜಂತಿನ ಔಷಧಿ ಕುಡಿಸುವ ಮೊದಲು ಒಂದೊಂದನ್ನೂ ನನ್ನಿಂದ ಎತ್ತಿಸುತ್ತಿದ್ದ. "ಕಣ್ಣಲ್ಲಿ ತೂಗ್ಬ್ಯಾಡ ಕಣ್ಲಾ, ಮೈತುಂಬ ತುಪ್ಪಟ ಐತೆ, ಮೋಸೋಯ್ತೀಯ. ಎತ್ತು!" ತೂಕ ತಪ್ಪು ಹೇಳಿದರೆ ಅದೇ ಕುರಿಯನ್ನು ಮತ್ತೆ ಎತ್ತಬೇಕಿತ್ತು. ರಜೆ ಮುಗಿದರೂ ಅಂಗಿಯಿಂದ ಕುರಿ ವಾಸನೆ ಹೋಗುತ್ತಿರಲಿಲ್ಲ.

"ನಾಲ್ಕು ಕೆಜಿ ಸಾರ್. ಅರವತ್ತು ಮಿಲಿಗ್ರಾಂ," ಎಂದೆ.

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಗೊಂಬೆಯನ್ನು ತಾವೂ ಒಮ್ಮೆ ಎತ್ತಿ ನೋಡಿ, "ಲೇ, ಗೊಂಬೆ ಉಸಾರಾಯ್ತು ಬುಡು. ಮಗು ಜ್ವರ ಅಂಗೇ ಐತೆ, ಕೂತ್ಕೋ," ಎಂದರು.

ಕೂತೆ. ಅರವತ್ತನ್ನು ಹೊಡೆದುಹಾಕಿ ನೂರೆಂಬತ್ತು ಬರೆದೆ. ತಾತ ಇದ್ದಿದ್ದರೆ ಹನ್ನೆರಡು ಕೆಜಿ ಎಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೊಂಬೆ ಎತ್ತಿಸುತ್ತಿದ್ದ.