ಮಲ್ಲಿಗೆಯ ತಂಪು ತಿಳಿದ ಬೆರಳು

“ಅಕ್ಕಾ, ಇವತ್ತು ಮಲ್ಲಿಗೆ ತಣ್ಣಗೈತೆ ಅಂತ ಗೊತ್ತಾಯ್ತು!” 1999ರ ಒಂದು ಬೆಳಿಗ್ಗೆ ಹಲಸೂರು ಮಾರುಕಟ್ಟೆಯಲ್ಲಿ ಹೂ ಮಾರುವ ಮುನಿಯಮ್ಮ ನನ್ನನ್ನು ಕಂಡೊಡನೆ ಕೂಗಿ, ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದರು.

ಏಳೆಂಟು ತಿಂಗಳ ಹಿಂದೆ ಕುಡುಗೋಲು ತಗುಲಿ ಆ ಬೆರಳಿನ ನರ ತುಂಡಾಗಿತ್ತು. ವೈದ್ಯರು ಹೊಲಿದು ಸೇರಿಸಿದ್ದರೂ ಸ್ಪರ್ಶ ಮರಳಿರಲಿಲ್ಲ. ದಾರ ಜಾರುತ್ತಿತ್ತು. ಮಾಲೆ ಸಡಿಲವೆಂದು ಗಿರಾಕಿಗಳು ಪಕ್ಕದವರ ಬಳಿ ಹೋಗುತ್ತಿದ್ದರು. ನಾನು ಪ್ರಯೋಗಾಲಯದಲ್ಲಿ ನರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವಳೆಂದು ತಿಳಿದು, “ಇದು ಮತ್ತೆ ಚಿಗುರ್ತದಾ ಅಕ್ಕಾ?” ಎಂದು ಕೇಳಿದ್ದರು.

“ನರ ಬೆಳೆಯೋಕೆ ಬೇಕಾದ್ದನ್ನ ನಮ್ಮ ಮೈಯೇ ಒದಗಿಸುತ್ತೆ. ನಿಧಾನಕ್ಕೆ ಬರಬಹುದು,” ಎಂದಿದ್ದೆ. ಆಮೇಲೆ, ಸುಳ್ಳು ಆಸೆ ಹುಟ್ಟಿಸಿದೆನೇನೋ ಎಂಬ ಅಳುಕಿನಿಂದ ವಾರಗಟ್ಟಲೆ ಆ ಕಡೆ ತಲೆ ಹಾಕಿರಲಿಲ್ಲ.

ಅಂದು ಮುನಿಯಮ್ಮ ಕಣ್ಣು ಮುಚ್ಚಿಕೊಂಡು, ಮೊಗ್ಗು ಯಾವುದು, ಅರಳಿದ ಹೂ ಯಾವುದು ಎಂದು ಮುಟ್ಟಿಯೇ ಹೇಳಿದರು. ಇಬ್ಬರೂ ನಕ್ಕೆವು. ನನ್ನ ಕಣ್ಣು ಒದ್ದೆಯಾಗಿತ್ತು.

ಕೋಳಿಯ ಭ್ರೂಣದಿಂದ ತೆಗೆದ ನರಗಳು ಎಳೆ ಎಳೆಯಾಗಿ ಚಾಚುವುದನ್ನು ಸೂಕ್ಷ್ಮದರ್ಶಕದಲ್ಲಿ ವರ್ಷಗಳಿಂದ ನೋಡುತ್ತಲೇ ಇದ್ದೆ. ಅಂಥದೊಂದು ಎಳೆಯ ತುದಿಯಲ್ಲಿ ಒಬ್ಬರ ಅನ್ನವಿರುತ್ತದೆ ಎಂಬುದು ಮನಸ್ಸಿಗೆ ಹೊಕ್ಕಿದ್ದು ಆ ದಿನ.