ನಲವತ್ತೇಳನೆಯ ಮೊಳೆ

ಆ ಊರಿನಲ್ಲಿ ಹಟಕ್ಕೆ ಹೆಸರಾದವಳು ಬಿಲ್ಲೆಯಕ್ಕ. ಹಿಡಿದ ಪಟ್ಟು ಬಿಟ್ಟವಳಲ್ಲ. ಅವಳ ಗಂಡನೋ, ಅವಳು ಏನೇ ಅಂದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಇಬ್ಬರ ನಡುವೆ ಸಿಕ್ಕಿ ಒಂದು ಇಡೀ ಬೆಟ್ಟ ಇಪ್ಪತ್ತೆರಡು ವರ್ಷ ಬಾಯಿ ತೆರೆದುಕೊಂಡೇ ಕೂತಿತ್ತು.

ಬೆಟ್ಟದಲ್ಲಿ ಎಂಬತ್ತು ವರ್ಷ ಚಿನ್ನ ತೆಗೆದರು. ಕೊನೆಕೊನೆಗೆ ಗಾಡಿ ತುಂಬ ಕಲ್ಲು ಅರೆದರೂ ಚಿಟಿಕೆ ಚಿನ್ನ ಹುಟ್ಟುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದದ್ದು ಸಾಕೆಂದು ಕಂಪನಿ ಎದ್ದುಹೋಯಿತು. ಉಳಿದದ್ದು ತುಕ್ಕು ಹಿಡಿದ ರಾಟೆ, ಸೂರಿಲ್ಲದ ಎಂಜಿನ್ ಮನೆ, ಮತ್ತು ಬಿಲ್ಲೆಯಕ್ಕ ಕೂರುತ್ತಿದ್ದ ಕಿಟಕಿ.

ಗಣಿಗೆ ಇಳಿಯುವವನು ಆ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಪಡೆಯಬೇಕು, ಮೇಲೆ ಬಂದು ವಾಪಸು ಕೊಡಬೇಕು. ಬಿಲ್ಲೆ ತೂಗುಹಾಕುವ ಹಲಗೆಯ ಮೇಲೆ ಅವನ ಮೊಳೆ ಖಾಲಿ ಇದ್ದರೆ ಆಳು ಒಳಗಿದ್ದಾನೆ ಎಂದರ್ಥ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬನ ಮೊಳೆ ಖಾಲಿ ಇತ್ತು. "ಅವನು ಆಗಲೇ ಮನೆಗೆ ಹೋದ, ನಾವೇ ನೋಡಿದ್ವಿ" ಎಂದರು ಜೊತೆಗಾರರು. ನಂಬಿ ಕಿಟಕಿ ಮುಚ್ಚಿದಳು. ಎರಡು ದಿನದ ಮೇಲೆ ಅವನು ಕುಸಿದ ಬಂಡೆಯ ಹಿಂದೆ ಹೆಣವಾಗಿ ಸಿಕ್ಕಿದ. ಮೈ ಇನ್ನೂ ತಣ್ಣಗಾಗಿರಲಿಲ್ಲ. ಅಂದಿನಿಂದ ಅವಳು ಯಾರ ಮಾತನ್ನೂ ನಂಬಲಿಲ್ಲ, ಮೊಳೆಯನ್ನು ಮಾತ್ರ ನಂಬಿದಳು.

ಗಣಿ ಮುಚ್ಚಿದ ದಿನ ಖಾಲಿ ಉಳಿದದ್ದು ನಲವತ್ತೇಳನೆಯ ಮೊಳೆ. ಅದು ಅವಳ ಗಂಡನದೇ! ಎದುರಿಗೇ ನಿಂತು, "ಎಲ್ಲೋ ಬಿದ್ದುಹೋಯ್ತು ಕಣೇ" ಎಂದ. ಎಲ್ಲಿ ಬಿತ್ತು? ಯಾರ ಕೈಗಾದರೂ ಕೊಟ್ಟನೋ? ಅದನ್ನು ಹಿಡಿದು ಇನ್ನೊಬ್ಬ ಇಳಿದಿದ್ದರೆ? ಎಲ್ಲರೂ ಮೇಲೆ ಬಂದರು ಎಂಬ ಕಾಗದಕ್ಕೆ ಅವಳು ಸಹಿ ಹಾಕಲಿಲ್ಲ. ಸಹಿ ಇಲ್ಲದೆ, ಗಣಿಗೆ ಇಳಿಯುವ ಬಾವಿಯ ಬಾಯಿಗೆ ಕಾಂಕ್ರೀಟು ಹಾಕುವಂತಿಲ್ಲವೆಂದು ಗಣಿ ಇಲಾಖೆಯ ಕಚೇರಿಯೂ ಕೈಕಟ್ಟಿ ಕೂತಿತು. ಅಂದಿನಿಂದ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಅದೇ ರಾಮಾಯಣ. "ಹೋಗ್ಲಿ, ಜೇಬಲ್ಲಿತ್ತಾ, ಕೈಯಲ್ಲಿತ್ತಾ, ಅದನ್ನಾದ್ರೂ ಹೇಳ್ರೀ!" ಅವನದು ಒಂದೇ ಉತ್ತರ: "ನೆನಪಿಲ್ಲ."

ಹೋದ ವಾರ ಶಾಲೆಯ ಇಬ್ಬರು ಹುಡುಗಿಯರು ಬಾವಿಗೆ ಬಗ್ಗಿ ನೋಡಲು ಹೋದಾಗ ಒಬ್ಬಳ ಕಾಲ ಕೆಳಗಿನ ಮಣ್ಣು ಜರಿಯಿತು. ಇನ್ನೊಬ್ಬಳು ಜಡೆ ಹಿಡಿದು ಎಳೆದದ್ದಕ್ಕೆ ಜೀವ ಉಳಿಯಿತು. ಊರಿಗೆ ಊರೇ ಬಿಲ್ಲೆಯಕ್ಕನ ಮೇಲೆ ಹರಿಹಾಯ್ದಿತು. ಮರುದಿನವೇ ಕಚೇರಿಯ ಎಂಜಿನಿಯರು ಆ ಕಾಗದ ಹಿಡಿದು ಮನೆಗೆ ಬಂದ.

"ಅಮ್ಮಾ, ನಿಮ್ಮ ಯಜಮಾನ್ರು ಇಲ್ಲೇ ಕೂತಿದ್ದಾರಲ್ಲ! ಇನ್ನೇನು ಬೇಕು?"

"ಇವ್ರು ಕೂತಿದ್ದಾರೆ ಸಾರ್, ಬಿಲ್ಲೆ ಎಲ್ಲಿ? ಆ ಮಗು ಬಿದ್ದಿದ್ರೆ ಪಾಪ ನನಗೇ ಸುತ್ತಿಕೊಳ್ತಿತ್ತು. ಸಹಿ ಹಾಕಿದ ಮೇಲೆ ಒಳಗೆ ಯಾರದೋ ಮೂಳೆ ಸಿಕ್ರೂ ನನಗೇ. ನಾನೇನು ಸಾಯ್ಲಾ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ಗಂಡ ಎಂದೂ ನೋಡಿರಲಿಲ್ಲ.

"ಬಿಲ್ಲೆ ಬಾವಿಯಲ್ಲಿದೆ," ಎಂದ. "ಕೊನೇ ದಿನ ಮೇಲೆ ಬಂದು, ನಾನೇ ಎಸೆದೆ."

"ಯಾಕ್ರೀ?"

"ಮೊಳೆ ಖಾಲಿ ಇದ್ರೆ ನೀನು ಸಹಿ ಹಾಕಲ್ಲ ಅಂತ ಗೊತ್ತಿತ್ತು. ನೀನು ಹಾಕದಿದ್ರೆ ಬಾವಿ ಮುಚ್ಚಲ್ಲ. ಮತ್ತೆ ಯಾವತ್ತಾದ್ರೂ ಕೆಲಸಕ್ಕೆ ಕರೀತಾರೆ ಅಂದ್ಕೊಂಡೆ."

"ಇಪ್ಪತ್ತೆರಡು ವರ್ಷ ಬೈಸಿಕೊಂಡ್ರಲ್ಲ!"

"ಬಿಲ್ಲೆ ಎಲ್ಲಿ ಅಂತ ನೀನು ಬೈತಿದ್ರೆ, ಇನ್ನೂ ಕೆಲಸ ಇದೆ ಅನ್ನಿಸೋದು."

ಬಿಲ್ಲೆಯಕ್ಕ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು, ಪೆನ್ನಿನ ಮುಚ್ಚಳ ತೆಗೆದಳು, ಆಮೇಲೆ ಗಂಡನ ಮುಖ ನೋಡಿದಳು.

"ಹಾಕಲಾ?"

"ಹಾಕು. ಮಕ್ಕಳು ಓಡಾಡೋ ಜಾಗ," ಎಂದು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.