ಬಡಿಸುವವರು ಮಾತಾಡಬಾರದು

ನಮ್ಮ ಬೌದ್ಧ ಧ್ಯಾನ ಕೇಂದ್ರಕ್ಕೆ ಗುಂಪು ಕಟ್ಟಿಕೊಂಡು ಬರುವ ಮುಖಂಡರಿಗೆ ಒಂದು ಸೂಚನಾ ಪತ್ರ ಕೊಡುತ್ತೇವೆ. ನಾಲ್ಕು ಪುಟ. ಬರೆದವಳು ನಾನೇ. ನಾಲ್ಕು ಪುಟ ಯಾರು ಓದುತ್ತಾರೆ ಎಂದು ಕೇಳಬೇಡಿ, ಯಾರೂ ಓದುವುದಿಲ್ಲ. ಒಬ್ಬರು ಮಾತ್ರ ಓದಿದರು. ಅವರು ಓದಿದ್ದರಿಂದಲೇ ನಾನು ಕೆಟ್ಟೆ.

ಕೇಂದ್ರ ಇರುವುದು ಮುನಿರಾಬಾದ್ ದಾಟಿ ಗಂಗಾವತಿ ಕಡೆ ಹೋಗುವ ದಾರಿಯಲ್ಲಿ, ಕಾಲುವೆಯ ಆಚೆ, ಬಂಡೆಗುಡ್ಡದ ಬುಡದಲ್ಲಿ. ಒಂದು ಧ್ಯಾನ ಮಂದಿರ, ಎರಡು ಸಾಲು ಕೋಣೆ, ಅಡುಗೆಮನೆ, ಒಂದು ಕಚೇರಿ. ಯಲಬುರ್ಗಾದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತಳಾದ ಮೇಲೆ ಇಲ್ಲಿಗೆ ಬಂದೆ. ಮದುವೆ ಆಗಿರಲಿಲ್ಲ, ಮನೆ ಅಂತ ಒಂದಿರಲಿಲ್ಲ, ನೂರು ಜನಕ್ಕೆ ಅಡುಗೆ ಮಾಡಿಸುವುದೊಂದು ಬರುತ್ತಿತ್ತು. ಕೇಂದ್ರದವರಿಗೂ ಅಷ್ಟೇ ಬೇಕಿತ್ತು.

ಶಿಬಿರ ಏಳು ದಿನದ್ದು. ಮೊದಲ ದಿನ ಸಂಜೆ ಗಂಟೆ ಬಾರಿಸಿದರೆ ಮೌನ ಶುರು, ಏಳನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೌನ ಬಿಡುವುದು. ನಡುವೆ ಮಾತಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಇಲ್ಲ. ಊಟದ ಹೊತ್ತಿನಲ್ಲಿ ಎರಡೇ ಸನ್ನೆ: ಬೇಕಾದರೆ ತಟ್ಟೆ ಮುಂದಕ್ಕೆ ಸರಿಸುವುದು, ಸಾಕಾದರೆ ಅಂಗೈ ಅಡ್ಡ ಹಿಡಿಯುವುದು. ಮುಖಂಡರಿಗೆ ಭಾಷಣದ ಕೆಲಸವಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಯಾರಿಗೆ ಬಿ.ಪಿ. ಗುಳಿಗೆ, ಯಾರಿಗೆ ಮೊಣಕಾಲು ನೋವು, ಯಾರು ಗೊರಕೆ ಹೊಡೆಯುತ್ತಾರೆ ಎಂದು ಮುಂಚೆಯೇ ಬರೆದು ಕಳಿಸಬೇಕು. ಮೊಣಕಾಲಿನವರಿಗೆ ಮೆಟ್ಟಿಲಿಲ್ಲದ ಕೋಣೆ. ಗೊರಕೆಯವರು ಗೊರಕೆಯವರ ಜೊತೆ. ಮೊಬೈಲು ಇಸಿದುಕೊಂಡು ಚೀಟಿ ಅಂಟಿಸಿ ಕಪಾಟಿನಲ್ಲಿಡಬೇಕು. ಧ್ಯಾನಕ್ಕೆ ಕುಳಿತವರು ಅತ್ತರೆ ಓಡಿಹೋಗಿ ಬೆನ್ನು ಸವರಬಾರದು. ಮೂರನೆಯ ದಿನ ಯಾರೋ ಒಬ್ಬರು ಗಂಟುಮೂಟೆ ಕಟ್ಟಿಯೇ ಕಟ್ಟುತ್ತಾರೆ, ಅವರಿಗೆ ಬುದ್ಧಿ ಹೇಳಬಾರದು, ಒಂದು ಲೋಟ ಚಹಾ ಕೊಟ್ಟು ಜೊತೆಗೆ ಕೂರಬೇಕು.

ಆದರೆ ನಮ್ಮ ಜನಕ್ಕೆ ಇದು ಹೇಗೆ ಆದೀತು? ನಾವು ಕೈಯಿಂದ ಬಡಿಸುವುದು ಕಡಿಮೆ, ಬಾಯಿಂದ ಬಡಿಸುವುದೇ ಹೆಚ್ಚು. ಕುಷ್ಟಗಿ ಕಡೆಯ ಮುಖಂಡರೊಬ್ಬರು ಎರಡನೆಯ ದಿನವೇ ರೊಟ್ಟಿ ಬುಟ್ಟಿ ಹಿಡಿದು ಸಾಲಿನ ನಡುವೆ ನಿಂತು, "ಇನ್ನೊಂದ್ ಹಾಕ್ಕೋರಿ, ನನ್ನ ಆಣಿ ಐತಿ" ಅನ್ನತೊಡಗಿದರು. ಹೊರಗೆ ಕರೆದು ಚೆನ್ನಾಗಿ ಬೈದೆ. ಅವರು ಮುಖ ಸಣ್ಣದು ಮಾಡಿಕೊಂಡು, "ಅಕ್ಕಾರ, ಒಂದ್ ಮಾತಿಲ್ದ ನೀಡಿದ್ರ ದನಕ್ಕ ಮೇವು ಹಾಕಿದಂಗ ಆಕ್ಕೈತ್ರಿ" ಎಂದರು. ಅವತ್ತು ಸಂಜೆ ಕೂತು ಎರಡನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಬಡಿಸುವವರು ಮಾತಾಡಬಾರದು. ಅಂದಿನಿಂದ ಹೆಂಗಸರ ಸಾಲಿಗೆ ನಾನೇ ಬಡಿಸುತ್ತೇನೆ.

ನಾಲ್ಕನೆಯ ಪುಟದ ಕೊನೆಯ ಸೂಚನೆ ಏಳನೆಯ ದಿನದ್ದು. ಮೌನ ಬಿಟ್ಟ ಮೇಲೆ ಶಿಬಿರಕ್ಕೆ ಬಂದವರನ್ನು ಅಡುಗೆಮನೆಗಾಗಲಿ ಕಚೇರಿಗಾಗಲಿ ಬಿಡಬಾರದು, ಸೇವೆಯಲ್ಲಿರುವವರನ್ನು ಮಾತಾಡಿಸಬಾರದು, ಮುಖಂಡರೇ ನಿಂತು ಎಲ್ಲರನ್ನೂ ನೇರ ಗಾಡಿ ಹತ್ತಿಸಬೇಕು. 'ಅವರ ಮನಸ್ಸಿನ ಶಾಂತಿ ಕದಡದಿರಲೆಂದು' ಎಂದು ಕಾರಣವನ್ನೂ ಕೊಟ್ಟಿದ್ದೇನೆ. ಶುದ್ಧ ಸುಳ್ಳು. ಮೊದಮೊದಲು ಎಲ್ಲರೂ ಬರುತ್ತಿದ್ದರು. ಕೈ ಹಿಡಿದುಕೊಂಡು ಅಳುತ್ತಿದ್ದರು, ನಮ್ಮ ಊರಿಗೆ ಬರ್ರಿ, ನಮ್ಮ ಮನಿಗೆ ಬರ್ರಿ ಅನ್ನುತ್ತಿದ್ದರು. ಹತ್ತೂವರೆಗೆ ಅಂಗಳ ತುಂಬ ಜನ, ಹನ್ನೊಂದಕ್ಕೆ ನಾನೊಬ್ಬಳೇ. ಅರವತ್ತು ಹಾಸಿಗೆ ಬಿಸಿಲಿಗೆ ಹಾಕಿ ನಡುವೆ ನಿಂತರೆ ಎದೆಯೊಳಗೆ ಏನೋ ಕಿತ್ತು ಬಂದಂತಾಗುತ್ತಿತ್ತು. ಮಧ್ಯಾಹ್ನ ಅನ್ನ ಸೇರುತ್ತಿರಲಿಲ್ಲ. ಬಾರದೇ ಇದ್ದರೆ ಹೋದದ್ದೂ ಗೊತ್ತಾಗುವುದಿಲ್ಲ ಎಂದು ಆ ಸೂಚನೆ ಬರೆದೆ.

ನಾಲ್ಕೂ ಪುಟ ಓದಿದವರು ಕುಕನೂರಿನ ಮಾಸ್ತರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದವರು. ಮೊದಲ ಸಲ ಗುಂಪು ತಂದಾಗಲೇ ನನ್ನ ಪತ್ರಕ್ಕೆ ರಟ್ಟು ಹಾಕಿಸಿಕೊಂಡು, ಕೆಂಪು ಪೆನ್ನಿನಿಂದ ಗೆರೆ ಎಳೆದುಕೊಂಡು ಬಂದಿದ್ದರು. ಇಂಥ ಮುಖಂಡರು ಊರಿಗೊಬ್ಬರಿದ್ದರೆ ಸಾಕು ಎಂದು ಎಲ್ಲರೆದುರು ಹೊಗಳಿದೆ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವರು ಮತ್ತೆ ಒಂದು ಗುಂಪು ತಂದರು. ಹೆಸರಿನ ಪಟ್ಟಿ ವಾರದ ಮುಂಚೆಯೇ ಬಂದಿತ್ತು. ನಾನು ಕಾಯಿಲೆಯ ಕಾಲಂ ಮಾತ್ರ ಓದಿದ್ದೆ. ಮೇಜಿನ ಮುಂದೆ ಕುಳಿತು ಒಬ್ಬೊಬ್ಬರ ಮೊಬೈಲಿಗೂ ಚೀಟಿ ಅಂಟಿಸುತ್ತಿದ್ದವಳು ತಲೆ ಎತ್ತಿದರೆ ಎದುರಿಗೆ ನನ್ನ ತಂಗಿ.

ನಾವು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವ್ವ ಕೊನೆಗಾಲದಲ್ಲಿ ಕುಕನೂರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ಬಾ ಎಂದು ಫೋನು ಬಂದ ದಿನ ಹಾಸ್ಟೆಲಿನ ಒಂದು ಹುಡುಗಿಗೆ ಜ್ವರ ಏರಿತ್ತು, ಅವಳನ್ನು ಬಿಟ್ಟು ಹೇಗೆ ಹೋಗಲಿ ಎಂದು ಒಂದು ದಿನ ತಡ ಮಾಡಿದೆ. ನಾನು ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮುಗಿದಿತ್ತು. ತಂಗಿ ಬೀಗರೆದುರು, ಓಣಿಯವರೆದುರು, "ಹಾಸ್ಟೆಲ್ ಹುಡಿಗ್ಯಾರಿಗೆ ಉಣಸಾಕ ಪುರಸತ್ತೈತಿ, ಅವ್ವನ ಬಾಯಾಗ ಹನಿ ನೀರ್ ಬಿಡಾಕ ಇಕಿಗೆ ಪುರಸತ್ತಿಲ್ಲ" ಎಂದಳು. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ಮೇಲೇ ಇರುತ್ತದೆ. "ಇನ್ನ ನಿನ್ನ ಹೊಸ್ತಲಾ ತುಳಿಯಂಗಿಲ್ಲ, ನಿನ್ನ ಮನಿ ನೀರೂ ಬ್ಯಾಡ" ಎಂದೆ. ಆಕೆ, "ನಿನ್ನ ಕೈಯಾಗಿನ ತುತ್ತೂ ನನಗ ಬ್ಯಾಡ" ಎಂದಳು. ನಮ್ಮ ಕಡೆ ಅನ್ನ ನೀರು ಬಿಟ್ಟರೆ ಮಾತು ಬಿಟ್ಟಂತೆಯೇ. ಮೊದಲು ಆಕೆ ಕರೆಯಲಿ ಎಂದು ನಾನು, ಈಕೆ ಬರಲಿ ಎಂದು ಆಕೆ. ಹೀಗೇ ತಲೆಗೂದಲು ಬೆಳ್ಳಗಾದವು.

ಮೌನ ಶುರುವಾಗಲು ಇನ್ನೂ ಎರಡು ತಾಸಿತ್ತು. ಬೇಕಾದಷ್ಟು ಮಾತಾಡಬಹುದಿತ್ತು. ಆಕೆ ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನ ಕೈಯನ್ನೇ ನೋಡುತ್ತಾ ನಿಂತಳು. ನಾನು ಪಟ್ಟಿ ನೋಡಿದೆ, ಮೊಣಕಾಲು ನೋವು ಎಂದಿತ್ತು. ಬೇವಿನ ಗಿಡದ ಹತ್ತಿರದ ಮೆಟ್ಟಿಲಿಲ್ಲದ ಕೋಣೆಯ ಕೀಲಿ ಮುಂದಕ್ಕೆ ಸರಿಸಿದೆ. ಆಕೆ ತೆಗೆದುಕೊಂಡು ಹೋದಳು. ಹಿಂದಿನವರು ಮುಂದೆ ಬಂದರು.

ಮರುದಿನ ಊಟದ ಸಾಲಿನಲ್ಲಿ ಆಕೆಯ ತಟ್ಟೆಯ ಮುಂದೆ ಬಂದೆ. ಈಕೆ ಉಣ್ಣುತ್ತಾಳೋ, ಏಳುತ್ತಾಳೋ? ರೊಟ್ಟಿ ಹಾಕಿದೆ. ಸುಮ್ಮನೆ ಮುರಿದು ಉಂಡಳು. ಮೂರನೆಯ ದಿನವೂ ಉಂಡಳು. ನಾಲ್ಕನೆಯ ದಿನ ತಟ್ಟೆಯನ್ನು ತಾನಾಗಿ ಮುಂದಕ್ಕೆ ಸರಿಸಿದಳು. ನನ್ನ ಕೈಯ ತುತ್ತು ಬೇಡ ಎಂದವಳು ಇನ್ನೊಂದು ರೊಟ್ಟಿ ಕೇಳುತ್ತಿದ್ದಾಳೆ! ನಾನು ಉಗ್ರಾಣಕ್ಕೆ ಹೋಗಿ ಅಕ್ಕಿ ಚೀಲಗಳ ಹಿಂದೆ ಕೂತು ಅತ್ತೆ. ದುಃಖಕ್ಕಲ್ಲ, ಖುಷಿಗೆ.

ಆರನೆಯ ದಿನ ಅನ್ನ, ಬೇಳೆಸಾರು ಎಂದು ಗೋಡೆಯ ಮೇಲೆ ಬರೆದಿತ್ತು. ಅಡುಗೆಯವರು ಗೊಣಗಿದರೂ ಕೇಳದೆ ಪುಂಡಿಪಲ್ಯ ಮಾಡಿದೆ. ಅವ್ವ ಮಾಡುತ್ತಿದ್ದ ಹಾಗೆ, ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು. ತಂಗಿ ಒಂದು ತುತ್ತು ಬಾಯಿಗಿಟ್ಟಳು, ಅಗಿಯುವುದನ್ನು ನಿಲ್ಲಿಸಿದಳು. ಎಡಗೈಯಿಂದ ಕಣ್ಣು ಮುಚ್ಚಿಕೊಂಡಳು. ನಾನು ಸೌಟು ಹಿಡಿದು ಎದುರಿಗೇ ನಿಂತಿದ್ದೆ. ಬಾಯಿ ತೆರೆಯುವ ಹಾಗಿರಲಿಲ್ಲ, ಪಕ್ಕದ ತಟ್ಟೆಗೆ ಹೋದೆ.

ಏಳನೆಯ ದಿನ ಹತ್ತು ಗಂಟೆಗೆ ಮೌನ ಬಿಟ್ಟಿತು. ನಾನು ಸೀರೆ ಬದಲಿಸಿ, ಎರಡು ಲೋಟ ಚಹಾ ಸೋಸಿಟ್ಟು, ಅಡುಗೆಮನೆಯ ಬಾಗಿಲು ತೆರೆದು ಕೂತೆ. ನಾನೇ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಸೊಕ್ಕು, ಮತ್ತೇನು? ಆರು ದಿನ ಉಣಿಸಿದ್ದು ನಾನು, ಇನ್ನು ಬರುವುದು ಆಕೆಯ ಪಾಳಿ ಎಂದು ಲೆಕ್ಕ ಹಾಕಿದ್ದೆ. ಅಂಗಳದಲ್ಲಿ ಗುಬ್ಬಿ ಹಿಂಡಿನಂತೆ ಮಾತು ಕೇಳುತ್ತಿತ್ತು. ಗಾಡಿಯ ಹಾರ್ನ್ ಕೇಳಿಸಿತು. ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ಗಾಡಿ ಹೋದದ್ದು ಕೇಳಿಸಿತು. ಚಹಾದ ಮೇಲೆ ಕೆನೆ ಕಟ್ಟಿತ್ತು, ಚೆಲ್ಲಿದೆ.

ಆಮೇಲಿನ ಎರಡು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಉಂಡು ಕೈ ತೊಳೆದುಕೊಂಡು ಹೋದಳಲ್ಲ ಎಂದು ಒಬ್ಬಳೇ ಬೈಯುತ್ತಿದ್ದೆ. ಪುಂಡಿಸೊಪ್ಪು ತರಿಸುವುದನ್ನೇ ಬಿಟ್ಟೆ. ಮಂದಿರದಲ್ಲಿ ಯಾರೂ ಇಲ್ಲದಾಗ ಹೋಗಿ ಬುದ್ಧನ ಮುಂದೆ ಕೂತರೆ ಉಸಿರು ಗಮನಿಸುವುದಿರಲಿ, ತಂಗಿಯ ಜೊತೆ ಜಗಳವೇ ನಡೆಯುತ್ತಿತ್ತು. ಖಾಲಿ ಕೋಣೆಗಳ ಕಸ ಗುಡಿಸುವಾಗ ನನಗಿನ್ನು ಯಾರೂ ಇಲ್ಲ ಎನ್ನುವುದು ಗಟ್ಟಿಯಾಗುತ್ತಾ ಹೋಯಿತು.

ಮಾಸ್ತರು ಹೊಸ ಗುಂಪು ತಂದರು. ಮೊಬೈಲು ಇಸಿದುಕೊಳ್ಳುವ ಕೆಲಸ ಮುಗಿಸಿ ಚಹಾ ಕುಡಿಯುತ್ತಾ ಹೆಮ್ಮೆಯಿಂದ ಹೇಳಿದರು: "ಅಕ್ಕಾರ, ನಿಮ್ಮ ಒಂದ್ ಸೂಚನಾನೂ ನಾ ತಪ್ಪಿಸಿಲ್ರಿ. ಹಿಂದಿನ ಸಲ ಒಬ್ಬಾಕಿ ಭಾಳ ಹಟ ಹಿಡದ್ಳು. ಅಡಗಿಮನಿಗೆ ಹೋಗಿ, ಬಡಿಸಿದಾಕಿನ ಮಾತಾಡಿಸೇ ಬರ್ತೀನಿ ಅಂತ. ನಾ ಅಡ್ಡ ನಿಂತೆ. ಆಕಿ ಸಲುವಾಗಿ ಕಾಲ್ ತಾಸು ಗಾಡಿ ನಿಂತಿತ್ರಿ."

"ಆಮ್ಯಾಲೆ?"

"ನಾಕನೇ ಪುಟ ತೆಗದು ಕೈಯಾಗ ಕೊಟ್ಟೆ. ಓದಿದ್ಳು. ಇದನ್ನ ಬರದಾರ ಯಾರ್ರಿ ಅಂದ್ಳು. ಆ ಬಡಸೋ ಅಕ್ಕಾರನ ಬರದಾರವಾ, ಅವರದ ಅಕ್ಷರ ಅಂದೆ. ಸುಮ್ನ ಹೋಗಿ ಗಾಡಿ ಹತ್ತಿದ್ಳು."

ಅವರನ್ನು ಏನೆಂದು ಬೈಯಲಿ? ನಾನು ಹೇಳಿದ್ದನ್ನು ಮಾಡಿದ ಒಬ್ಬನೇ ಮನುಷ್ಯ. ಗುಂಪು ಬಂದ ದಿನ ಕೇಂದ್ರ ಬಿಟ್ಟು ಹೋಗಬಾರದೆಂದು ಬರೆದವಳೂ ನಾನೇ. ಕೀಲಿ ಗೊಂಚಲನ್ನು ಅವರ ಕೈಗೆ ಹಾಕಿ, ರಸ್ತೆಗೆ ಬಂದು ಕೊಪ್ಪಳದ ಬಸ್ಸು ಹತ್ತಿದೆ. ಅಲ್ಲಿಂದ ಕುಕನೂರು. ತಂಗಿಯ ಓಣಿ ಮುಟ್ಟಿದಾಗ ರಾತ್ರಿ ಏಳೂವರೆಯಾಗಿತ್ತು.

ಬಾಗಿಲು ತೆರೆದಿತ್ತು. ಆಕೆ ಒಲೆಯ ಮುಂದೆ ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತೆ. ಆಕೆ ಒಳಗೆ ಕರೆಯಲಿಲ್ಲ. ಒಂದು ಸಲ ನೋಡಿ ಮತ್ತೆ ತಲೆ ಬಗ್ಗಿಸಿದಳು. ನಾನೇ ದಾಟಿ ಒಳಗೆ ಹೋಗಿ ನೆಲದ ಮೇಲೆ ಕೂತೆ.

"ಆ ಸೂಚನಾ ನಿನ್ನ ಸಲುವಾಗಿ ಬರದಿದ್ದಲ್ಲ," ಎಂದೆ.

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಮತ್ತ ಯಾರ ಸಲುವಾಗಿ?"

"ನನ್ನ ಸಲುವಾಗಿ. ಎಲ್ಲಾರೂ ಮಾತಾಡಿ ಮಾತಾಡಿ ಹೋಗಿಬಿಡ್ತಾರ. ಹೋದ ಮ್ಯಾಲೆ ನನಗ ತಡಕೊಳ್ಳಾಕ ಆಗಂಗಿಲ್ಲ."

ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂತು. ಆಕೆ ತಿರುವಿ ಹಾಕಲಿಲ್ಲ.

"ಹಂಗಾರ ಇವತ್ತ ಹೋಗಬ್ಯಾಡ," ಎಂದಳು.